ಪಾಠ ಒಟ್ಟಿಗೆ, ದುಡ್ಡು ಬೇರೆ: ಕ್ರಿಪ್ಟೊ ಕಲಿಯಲು ಜೊತೆ ಹುಡುಕುವುದು ಹೇಗೆ

ನಾನು ಪ್ರಿಂಟಿಂಗ್ ಪ್ರೆಸ್ ಒಂದರಲ್ಲಿ ಕರಡು ತಿದ್ದುವವಳು. ಹತ್ತೊಂಬತ್ತು ವರ್ಷ ಆಯಿತು. ನಮ್ಮ ಕೆಲಸದಲ್ಲಿ ಒಂದು ಹಳೇ ಪದ್ಧತಿ ಇದೆ. ತಪ್ಪಾಗಲೇಬಾರದ ಪುಸ್ತಕವಾದರೆ ಇಬ್ಬರು ಕೂರುತ್ತಾರೆ. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಅಲ್ಪವಿರಾಮ ಪೂರ್ಣವಿರಾಮ ಸಮೇತ. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾರೆ. ಒಬ್ಬರೇ ಕೂತರೆ ಕಣ್ಣು ಮೋಸ ಮಾಡುತ್ತದೆ. ಹಾಳೆಯಲ್ಲಿ ಏನು ಇರಬೇಕಿತ್ತೋ ಅದನ್ನೇ ಓದಿಕೊಂಡು ಮುಂದೆ ಹೋಗಿಬಿಡುತ್ತದೆ.

ಇಷ್ಟು ಗೊತ್ತಿದ್ದೂ 2021ರಲ್ಲಿ ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್ ಥರದ ಡಿಜಿಟಲ್ ಹಣದ ಬಗ್ಗೆ ಕಲಿಯಲು ನಾನು ಒಬ್ಬಳೇ ಕೂತೆ. ನಾಲ್ಕು ತಿಂಗಳು ಓದಿದೆ. ಒಂದು ನೋಟ್‌ಬುಕ್ ಪೂರ್ತಿ ತುಂಬಿಸಿದೆ. ಕೊನೆಗೆ, ಕಾಯಿನ್ ಇಟ್ಟರೆ ಒಳ್ಳೆ ಬಡ್ಡಿ ಕೊಡುತ್ತೇವೆ ಎನ್ನುವ ಒಂದು ಕಡೆ ಒಂದು ತಿಂಗಳ ಸಂಬಳದಷ್ಟು ಹಾಕಿದೆ. ಮುಂದಿನ ವರ್ಷ ಒಂದು ಬೆಳಗ್ಗೆ ಅವರು ಹಣ ವಾಪಸ್ ಕೊಡುವುದನ್ನು ನಿಲ್ಲಿಸಿದರು. ಆ ದುಡ್ಡು ಮತ್ತೆ ಬರಲಿಲ್ಲ.

ಕೆಲವು ತಿಂಗಳ ನಂತರ ಆ ನೋಟ್‌ಬುಕ್ಕನ್ನು ನಮ್ಮ ಪ್ರೆಸ್ಸಿನಲ್ಲಿ ಲೆಕ್ಕ ಬರೆಯುವ ಅಕ್ಕನಿಗೆ ತೋರಿಸಿದೆ. ನನಗಿಂತ ಹದಿನಾರು ವರ್ಷ ದೊಡ್ಡವರು. ಎರಡು ಪುಟ ತಿರುವಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಈ ಬಡ್ಡಿ ಯಾರ ಜೇಬಿನಿಂದ ಬರುತ್ತೆ?" ಇಡೀ ನೋಟ್‌ಬುಕ್ಕಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆ ಪ್ರಶ್ನೆಯೂ ಇರಲಿಲ್ಲ.

ಅವರೇ ಈಗ ನನ್ನ ಜೊತೆಗಾರ್ತಿ. ವಾರಕ್ಕೊಮ್ಮೆ ಒಂದೂವರೆ ಗಂಟೆ ಕೂರುತ್ತೇವೆ. ಇಂಥ ಜೊತೆಯನ್ನು ಹೇಗೆ ಹುಡುಕುವುದು, ಸಿಕ್ಕ ಮೇಲೆ ಏನು ಮಾಡುವುದು ಎಂದು ನಮಗೆ ತಿಳಿದಷ್ಟು ಬರೆಯುತ್ತಿದ್ದೇನೆ.

ಮೊದಲು, ಯಾರು ಬೇಡ

ತಾನಾಗಿ ನಿಮ್ಮನ್ನು ಹುಡುಕಿಕೊಂಡು ಬಂದವರು ಬೇಡ. ಇದೊಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಜೊತೆಯನ್ನು ನೀವು ಹುಡುಕಬೇಕು.

ಗುರುತಿಲ್ಲದ ನಂಬರಿನಿಂದ ಒಂದು ಮೆಸೇಜ್ ಬರುತ್ತದೆ, ತಪ್ಪಾಗಿ ಬಂದ ಹಾಗೆ. ನೀವು ಉತ್ತರ ಕೊಟ್ಟರೆ ಸ್ನೇಹ ಶುರು. ವಾರಗಟ್ಟಲೆ ದುಡ್ಡಿನ ಮಾತೇ ಇಲ್ಲ. ಊಟ ಆಯ್ತಾ, ನಿದ್ದೆ ಬಂತಾ, ಅಷ್ಟೇ. ಒಂದು ದಿನ ಲಾಭದ ಸ್ಕ್ರೀನ್‌ಶಾಟ್ ಬರುತ್ತದೆ. "ನಾನು ಕಲಿಸ್ತೀನಿ, ಒಟ್ಟಿಗೆ ಮಾಡೋಣ" ಎನ್ನುತ್ತಾರೆ. ಅವರು ಹೇಳಿದ ಆ್ಯಪಿನಲ್ಲಿ ಸ್ವಲ್ಪ ಹಾಕುತ್ತೀರಿ, ಲಾಭ ಕಾಣುತ್ತದೆ. ಸ್ವಲ್ಪ ವಾಪಸ್ ತೆಗೆಯಲೂ ಬಿಡುತ್ತಾರೆ. ಅಲ್ಲೇ ನಂಬಿಕೆ ಬಲಿಯುವುದು. ದೊಡ್ಡ ಮೊತ್ತ ಹಾಕಿದ ಮೇಲೆ ಮಾತ್ರ ತೆಗೆಯಲು ಆಗುವುದಿಲ್ಲ. ತೆರಿಗೆ ಕಟ್ಟಿ, ಶುಲ್ಕ ಕಟ್ಟಿ ಎಂದು ಮತ್ತಷ್ಟು ಕೇಳುತ್ತಾರೆ. ಆ ಆ್ಯಪಿನಲ್ಲಿ ಕಂಡ ಲಾಭವೂ ಸುಳ್ಳು, ಆ ಸ್ನೇಹವೂ ಸುಳ್ಳು. ಜಗತ್ತಿನ ಎಲ್ಲಾ ಕಡೆ, ಓದಿದವರೂ ಅನುಭವಸ್ಥರೂ ಇದರಲ್ಲಿ ಕಳೆದುಕೊಂಡಿದ್ದಾರೆ. ಒಂಟಿಯಾಗಿರುವವರೇ ಇವರ ಕಣ್ಣಿಗೆ ಮೊದಲು ಬೀಳುವುದು. ಕಲಿಯಲು ಜೊತೆ ಬೇಕು ಅನ್ನಿಸುತ್ತಿರುವ ಹೊತ್ತಿನಲ್ಲಿ ನಾವೂ ಅಂಥ ಒಂಟಿಗಳೇ ಅಲ್ವಾ? ಅದಕ್ಕೇ ಇದನ್ನು ಮೊದಲು ಬರೆದೆ.

"ಕಲಿಸುತ್ತೇವೆ" ಎಂದು ಮಾರುವವರೂ ಬೇಡ. 2014ರಲ್ಲಿ ಶುರುವಾದ ವನ್‌ಕಾಯಿನ್ ಎಂಬ ಕ್ರಿಪ್ಟೊ ಯೋಜನೆ, ಹೆಸರಿಗೆ ಮಾರುತ್ತಿದ್ದದ್ದು ಶಿಕ್ಷಣ ಪ್ಯಾಕೇಜುಗಳನ್ನು. ಜೊತೆಗೆ, ಇನ್ನಷ್ಟು ಜನರನ್ನು ಸೇರಿಸಿದರೆ ಕಮಿಷನ್. ಅದರ ಹಿಂದೆ ನಿಜವಾದ ಬ್ಲಾಕ್‌ಚೈನ್, ಅಂದರೆ ವ್ಯವಹಾರಗಳನ್ನೆಲ್ಲ ಬರೆದಿಡುವ, ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕ, ಇರಲೇ ಇಲ್ಲ. ಅದರ ಮುಂದಾಳು ರುಜಾ ಇಗ್ನಾಟೊವಾ 2017ರ ಅಕ್ಟೋಬರಿನಲ್ಲಿ ಕಣ್ಮರೆಯಾದರು. 2022ರಲ್ಲಿ ಅಮೆರಿಕದ ಎಫ್‌ಬಿಐ ತನ್ನ ಅತಿ ಬೇಕಾದ ಹತ್ತು ಆರೋಪಿಗಳ ಪಟ್ಟಿಗೆ ಅವರ ಹೆಸರು ಸೇರಿಸಿತು. ಹಾಗಾಗಿ ರೆಫರಲ್ ಕೋಡ್ ಕಳಿಸುವವರು ಪರಿಚಯದವರೇ ಆದರೂ, ಒಳ್ಳೆಯವರೇ ಆದರೂ, ಜೊತೆಗಾರರಾಗಿ ಬೇಡ. ನೀವು ಸೇರಿದರೆ ಅವರಿಗೆ ದುಡ್ಡು ಬರುತ್ತದೆ. ಆಗ ನಿಮ್ಮ ಅನುಮಾನಕ್ಕೆ ಅವರು ಬಿಚ್ಚು ಮನಸ್ಸಿನಿಂದ ಉತ್ತರ ಕೊಡುವುದು ಕಷ್ಟ.

ತುಂಬಾ ತಿಳಿದವರೂ ಬೇಡ ಎನ್ನುತ್ತೇನೆ. ಅವರು ಬೇಸರವಿಲ್ಲದೆ ಹೇಳಿಕೊಡಬಹುದು, ಆದರೆ ನೀವು ಸುಮ್ನೆ ತಲೆಯಾಡಿಸುತ್ತೀರಿ. ನಿಮ್ಮಷ್ಟೇ ಗೊತ್ತಿಲ್ಲದವರು ಬೇಕು. ಗೊತ್ತಿಲ್ಲ ಎಂದು ಹೇಳಲು ನಾಚಿಕೊಳ್ಳದವರು ಬೇಕು.

ಕೇಳುವುದು ಹೇಗೆ

"ನೀವು ಕ್ರಿಪ್ಟೊದಲ್ಲಿ ದುಡ್ಡು ಹಾಕ್ತೀರಾ?" ಎಂದು ಕೇಳಬೇಡಿ. ಕೇಳಿದ ತಕ್ಷಣ ಮಾತು ಲಾಭ ನಷ್ಟಕ್ಕೆ ಹೋಗುತ್ತದೆ. ಯಾವ ಕಾಯಿನ್ ಏರುತ್ತದೆ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ.

ನಾನು ಕೇಳಿದ್ದು ಹೀಗೆ: "ಬಿಟ್‌ಕಾಯಿನ್ ಬಗ್ಗೆ ಮೊಟ್ಟಮೊದಲು ಬರೆದ ಲೇಖನ ಒಂಬತ್ತು ಪುಟ ಇದೆ. ಒಬ್ಬಳೇ ಓದಿದರೆ ತಲೆಗೆ ಹತ್ತುತ್ತಿಲ್ಲ. ನನ್ನ ಜೊತೆ ಕೂತು ಓದ್ತೀರಾ? ದುಡ್ಡು ಹಾಕೋ ಮಾತಿಲ್ಲ."

ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಹೊರಬಂದ ಆ ವೈಟ್‌ಪೇಪರ್ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಬರೆದವರು ನಿಜಕ್ಕೂ ಯಾರು ಎಂಬುದು ಇವತ್ತಿಗೂ ತಿಳಿದಿಲ್ಲ. ಜೊತೆಗಾರರನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಬೇಗ ಶ್ರೀಮಂತರಾಗಬೇಕು ಎಂದಿರುವವರು ಮೊದಲ ಪುಟದಲ್ಲೇ ಆಕಳಿಸುತ್ತಾರೆ.

ನಾನು ಮೂವರನ್ನು ಕೇಳಿದೆ. ಮೊದಲನೆಯವರು "ಓದೋದೆಲ್ಲ ಯಾಕೆ, ಯಾವುದು ತಗೋಬೇಕು ಹೇಳಿ" ಎಂದರು. ಎರಡನೆಯವರು ಖುಷಿಯಿಂದ ಒಪ್ಪಿದರು, ಎರಡು ವಾರ ಕಾದರೂ ಬರಲಿಲ್ಲ. ಮೂರನೆಯವರು ಈ ಅಕ್ಕ. "ದುಡ್ಡಿಲ್ಲ ಅಂದ್ರೆ ಸರಿ, ಬರ್ತೀನಿ" ಎಂದರು. ಬಂದಾಗ ಎರಡನೇ ಪುಟದಲ್ಲಿ ಪೆನ್ಸಿಲಿನಿಂದ ಮೂರು ಪ್ರಶ್ನೆ ಗುರುತು ಹಾಕಿಕೊಂಡು ಬಂದಿದ್ದರು.

ಹುಡುಕಬೇಕಾದದ್ದು ಆ ಪೆನ್ಸಿಲ್ ಗುರುತನ್ನು. ಅದು ಆಫೀಸಿನಲ್ಲಿ ಸಿಗಬಹುದು, ಲೈಬ್ರರಿಯಲ್ಲಿ, ಸಂಜೆಯ ಯಾವುದೋ ತರಗತಿಯಲ್ಲಿ, ಹಳೇ ಸಹಪಾಠಿಗಳಲ್ಲಿ. ಮುಖ ನೋಡಿ ಮಾತಾಡಲು ಆಗುವವರು, ವರ್ಷಗಳಿಂದ ನೀವು ಕಂಡವರು ಆದರೆ ಒಳ್ಳೆಯದು. ಗಂಡ ಹೆಂಡತಿ ಒಟ್ಟಿಗೆ ಕಲಿಯಬಹುದಾ ಎಂದು ಕೇಳುವವರಿದ್ದಾರೆ. ಕಲಿಯಬಹುದು. ಆದರೆ ಮನೆಯ ದುಡ್ಡು ಒಂದೇ ಆದ್ದರಿಂದ ಪ್ರಶ್ನೆ ಕೇಳಿದರೆ ಜಗಳದ ಹಾಗೆ ಕೇಳಿಸುತ್ತದೆ. ಹೊರಗಿನವರೊಬ್ಬರು ಜೊತೆಗಿದ್ದರೆ ಹಗುರ.

ಇನ್ನೊಂದು ಗಮನಿಸಿ. ಇಬ್ಬರಿಗೂ ಒಂದೇ ವಿಷಯ ಚೆನ್ನಾಗಿ ಬಂದರೆ ಪ್ರಯೋಜನ ಕಡಿಮೆ. ನನಗೆ ಅಕ್ಷರದ ಕಣ್ಣು, ಅವರಿಗೆ ಲೆಕ್ಕದ ಕಣ್ಣು. ಸ್ವಭಾವವೂ ಹಾಗೇ. ನಾನು ಬೇಗ ಉತ್ಸಾಹಕ್ಕೆ ಬರುವವಳು, ಅವರು ನಿಧಾನ. ಇಬ್ಬರೂ ನನ್ನಂತೆಯೇ ಇದ್ದಿದ್ದರೆ ಒಬ್ಬರನ್ನೊಬ್ಬರು ಉಬ್ಬಿಸುತ್ತಿದ್ದೆವು.

ಮೊದಲ ದಿನವೇ ಬರೆದುಕೊಳ್ಳಿ

ಮಾತಿನಲ್ಲಿ ಬಿಡಬೇಡಿ, ಹಾಳೆಯ ಮೇಲೆ ಬರೆಯಿರಿ. ನಮ್ಮ ಹಾಳೆಯಲ್ಲಿ ಇದ್ದದ್ದು ಇಷ್ಟು. ಇಬ್ಬರ ದುಡ್ಡು ಯಾವತ್ತೂ ಒಂದು ಕಡೆ ಸೇರುವುದಿಲ್ಲ. ಒಬ್ಬರಿಗಾಗಿ ಇನ್ನೊಬ್ಬರು ಕೊಳ್ಳುವುದಿಲ್ಲ, ಸಾಲ ಕೊಡುವುದಿಲ್ಲ. ಎಷ್ಟು ಹಾಕಿದ್ದೇವೆ ಎಂದು ಹೇಳುವುದಿಲ್ಲ, ಬೇಕಾದರೆ ಶೇಕಡಾ ಲೆಕ್ಕದಲ್ಲಿ ಮಾತಾಡುತ್ತೇವೆ. ಏನನ್ನಾದರೂ ಕೊಳ್ಳಬೇಕು ಅನ್ನಿಸಿದರೆ ಮೊದಲು ಇನ್ನೊಬ್ಬರಿಗೆ ಹೇಳಿ ಮೂರು ದಿನ ಕಾಯುತ್ತೇವೆ. ನಿರ್ಧಾರ ಅವರವರದೇ. ಸೀಡ್ ಫ್ರೇಸ್, ಅಂದರೆ ಕಾಯಿನ್ ಇಡುವ ವಾಲೆಟ್ಟನ್ನು ತೆರೆಯುವ ಗುಟ್ಟಿನ ಪದಗಳನ್ನು, ಯಾರಿಗೂ ತೋರಿಸುವುದಿಲ್ಲ, ಜೊತೆಗಾರರಿಗೂ ಸಹ.

ಕೊನೆಯದರ ಬಗ್ಗೆ ಅಕ್ಕ ಮೊದಲು ಸ್ವಲ್ಪ ಬೇಜಾರಾದರು. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದರು. ನಂಬಿಕೆ ಇರುವುದಕ್ಕೇ ಈ ನಿಯಮ. ನಾಳೆ ನನ್ನ ವಾಲೆಟ್ ಖಾಲಿಯಾದರೆ ಅವರ ಮೇಲೆ ಅನುಮಾನ ಬರುವ ದಾರಿಯೇ ಇರಬಾರದು. ಇದನ್ನು ಹೇಳಿದ ಮೇಲೆ ಅವರೇ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದರು.

ಕೂತಾಗ ಏನು ಓದುವುದು

ಒಂದು ಕೂಟಕ್ಕೆ ಒಂದೇ ಪ್ರಶ್ನೆ. ಹೆಚ್ಚು ಬೇಡ.

ವೈಟ್‌ಪೇಪರನ್ನು ಪ್ರೆಸ್ಸಿನ ಪದ್ಧತಿಯಲ್ಲೇ ಓದಿದೆವು. ಒಬ್ಬರು ಒಂದು ಪ್ಯಾರಾ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಹಾಳೆ ಮುಚ್ಚಿ ಅದನ್ನೇ ತಮ್ಮ ಮಾತಿನಲ್ಲಿ ಹೇಳುವುದು. ಹೇಳಲು ಬರದಿದ್ದರೆ ಮತ್ತೆ ಓದುವುದು. ಹಾಗೆ ಓದಿದ್ದರಿಂದಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಇಡೀ ಲೇಖನದಲ್ಲಿ ಬ್ಲಾಕ್‌ಚೈನ್ ಎಂಬ ಪದವೇ ಇಲ್ಲ. ಹನ್ನೊಂದನೇ ಭಾಗದಲ್ಲಿ ಲೆಕ್ಕ ಜಾಸ್ತಿ. ಮೊದಲ ಸಲ ಅದನ್ನು ಬಿಟ್ಟರೂ ತೊಂದರೆಯಿಲ್ಲ.

ಅಕ್ಕನಿಗೆ ತುಂಬಾ ಹಿಡಿಸಿದ್ದು ಒಂದು ಲೆಕ್ಕ. ಬಿಟ್‌ಕಾಯಿನ್ ಒಟ್ಟು 2 ಕೋಟಿ 10 ಲಕ್ಷ ಮೀರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. "ಯಾಕೆ ಮೀರಲ್ಲ, ತೋರಿಸು" ಎಂದರು. ಶುರುವಿನಲ್ಲಿ ಪ್ರತಿ ಬ್ಲಾಕಿಗೆ (ಆ ಲೆಕ್ಕದ ಪುಸ್ತಕಕ್ಕೆ ಸೇರುವ ಒಂದೊಂದು ಪುಟ ಎನ್ನಿ) 50 ಹೊಸ ಬಿಟ್‌ಕಾಯಿನ್ ಬರುತ್ತಿತ್ತು. ಪ್ರತಿ 2,10,000 ಬ್ಲಾಕಿಗೊಮ್ಮೆ ಅದು ಅರ್ಧವಾಗುತ್ತದೆ. 2012ರಲ್ಲಿ 25, 2016ರಲ್ಲಿ 12.5, 2020ರಲ್ಲಿ 6.25, 2024ರ ಏಪ್ರಿಲಿನಲ್ಲಿ 3.125. ಅಕ್ಕ ಹಾಳೆಯ ಮೇಲೆ ಕೂಡುತ್ತಾ ಹೋದರು. 50, 75, 87.5, 93.75. ಎಷ್ಟು ಕೂಡಿದರೂ 100ರ ಹತ್ತಿರ ಹೋಗುತ್ತದೆ, ದಾಟುವುದಿಲ್ಲ. 100ನ್ನು 2,10,000ದಿಂದ ಗುಣಿಸಿದರೆ 2 ಕೋಟಿ 10 ಲಕ್ಷ. ಆ ದಿನ ಅವರ ಮುಖ ನೋಡಬೇಕಿತ್ತು. ಬೇರೆಯವರು ಹೇಳಿದ್ದನ್ನು ತಮ್ಮ ಕೈಯಿಂದಲೇ ಖಾತ್ರಿ ಮಾಡಿಕೊಂಡ ಸಂತೋಷ ಅದು.

ಆಮೇಲೆ ಬ್ಲಾಕ್ ಎಕ್ಸ್‌ಪ್ಲೋರರ್, ಅಂದರೆ ಈ ಬ್ಲಾಕುಗಳನ್ನು ನೋಡಲು ಇರುವ ವೆಬ್‌ಸೈಟ್, ತೆರೆದೆವು. ಯಾರ ಖಾತೆಯೂ ಬೇಕಿಲ್ಲ, ದುಡ್ಡೂ ಬೇಕಿಲ್ಲ. 2009ರ ಜನವರಿ 3ರ ಮೊದಲ ಬ್ಲಾಕ್ ಅಲ್ಲಿದೆ. ಆ ದಿನದ ಲಂಡನ್ನಿನ ಟೈಮ್ಸ್ ಪತ್ರಿಕೆಯ ತಲೆಬರಹವನ್ನು ಅದರೊಳಗೆ ಸೇರಿಸಿದ್ದಾರೆ, ಬ್ಯಾಂಕುಗಳಿಗೆ ಸರ್ಕಾರ ಎರಡನೇ ಸಲ ನೆರವು ಕೊಡುವ ಹಂತಕ್ಕೆ ಬಂದ ಸುದ್ದಿ. ಅದೇ ತಿಂಗಳು 12ರಂದು ಸತೋಶಿಯಿಂದ ಹ್ಯಾಲ್ ಫಿನ್ನಿ ಎಂಬ ಪ್ರೋಗ್ರಾಮರಿಗೆ ಹೋದ 10 ಬಿಟ್‌ಕಾಯಿನ್ 170ನೇ ಬ್ಲಾಕಿನಲ್ಲಿ ಕಾಣುತ್ತದೆ. ಹುಡುಕಿ ನೋಡಿ. ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕ ಎಂದರೆ ಏನು ಎಂದು ನನಗೆ ಅರ್ಥವಾದದ್ದು ಆ ಸಾಲನ್ನು ಕಂಡಾಗ.

ಕೈ ಅಭ್ಯಾಸ, ದುಡ್ಡಿಲ್ಲದೆ

ಇಥೀರಿಯಂ ಎಂಬ ಇನ್ನೊಂದು ಕ್ರಿಪ್ಟೊಗೆ ಸೆಪೋಲಿಯಾ ಎಂಬ ಟೆಸ್ಟ್‌ನೆಟ್, ಅಂದರೆ ಅಭ್ಯಾಸದ ಜಾಲ, ಇದೆ. ಅದರ ಕಾಯಿನ್‌ಗಳಿಗೆ ಬೆಲೆಯಿಲ್ಲ, ಪುಕ್ಕಟೆ ಸಿಗುತ್ತವೆ. ಇಬ್ಬರೂ ಅಭ್ಯಾಸಕ್ಕೆಂದೇ ಒಂದೊಂದು ವಾಲೆಟ್ ಮಾಡಿಕೊಳ್ಳಿ. ಒಬ್ಬರಿಗೊಬ್ಬರು ಕಳಿಸಿ. ಶುಲ್ಕ ಎಷ್ಟು ಹೋಯಿತು, ಎಷ್ಟು ಹೊತ್ತು ಹಿಡಿಯಿತು, ಎಕ್ಸ್‌ಪ್ಲೋರರಿನಲ್ಲಿ ಹೇಗೆ ಕಾಣುತ್ತದೆ, ಎಲ್ಲಾ ನೋಡಿ. ಜೊತೆ ಇದ್ದರೆ ಮಾತ್ರ ಸರಿಯಾಗಿ ಆಗುವ ಅಭ್ಯಾಸ ಇದು.

ವಿಳಾಸ ಓದುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಇದು ನನ್ನ ಕಸುಬಿಗೆ ಹತ್ತಿರ. ಕ್ರಿಪ್ಟೊ ವಿಳಾಸ ಉದ್ದದ ಅಕ್ಷರ ಸಾಲು. ತಪ್ಪು ವಿಳಾಸಕ್ಕೆ ಹೋದದ್ದನ್ನು ವಾಪಸ್ ತರುವ ಕಚೇರಿ ಎಲ್ಲೂ ಇಲ್ಲ. ಬಿಟ್‌ಕಾಯಿನ್ನಿನ ಹಳೇ ಬಗೆಯ ವಿಳಾಸಗಳಲ್ಲಿ ಸೊನ್ನೆ, ದೊಡ್ಡ ಓ, ದೊಡ್ಡ ಐ, ಸಣ್ಣ ಎಲ್ ಬಳಸುವುದಿಲ್ಲ. ಒಂದನ್ನೊಂದು ಹೋಲುತ್ತವೆ ಎಂದು ಮೊದಲೇ ತೆಗೆದುಹಾಕಿದ್ದಾರೆ. ಯಾರೋ ಕರಡು ತಿದ್ದುವವರ ಕಷ್ಟ ಅರಿತವರು ಮಾಡಿದ ಹಾಗಿದೆ. ಆದರೂ ಮೋಸ ಉಂಟು. ನಿಮ್ಮವರ ವಿಳಾಸದ ಮೊದಲ ನಾಲ್ಕಾರು, ಕೊನೆಯ ನಾಲ್ಕಾರು ಅಕ್ಷರ ಹೊಂದುವಂಥ ವಿಳಾಸವನ್ನು ಕಳ್ಳರು ತಯಾರಿಸುತ್ತಾರೆ. ಅದರಿಂದ ನಿಮಗೆ ಚೂರು ಕಾಯಿನ್ ಕಳಿಸಿ, ನಿಮ್ಮ ವ್ಯವಹಾರದ ಪಟ್ಟಿಯಲ್ಲಿ ಕೂರಿಸುತ್ತಾರೆ. ಮುಂದಿನ ಸಲ ನೀವು ಪಟ್ಟಿಯಿಂದ ಅದನ್ನೇ ಕಾಪಿ ಮಾಡಿದರೆ ದುಡ್ಡು ಅವರಿಗೆ ಹೋಯಿತು. ಅದಕ್ಕೇ ನಾವು ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಬೆರಳಿಟ್ಟು ನೋಡುತ್ತೇವೆ. ನಡುವಿನ ಅಕ್ಷರಗಳನ್ನೂ ಬಿಡುವುದಿಲ್ಲ.

ಸೀಡ್ ಫ್ರೇಸ್ ಅಭ್ಯಾಸ ಹೀಗೆ. ಸಾಮಾನ್ಯವಾಗಿ ಅದರಲ್ಲಿ 12 ಅಥವಾ 24 ಪದ ಇರುತ್ತದೆ, 2048 ಪದಗಳ ಒಂದು ನಿಗದಿ ಪಟ್ಟಿಯಿಂದ ಆರಿಸಿದ್ದು. ಖಾಲಿ ವಾಲೆಟ್ ಮಾಡಿ, ಪದಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಫೋಟೋ ಬೇಡ. ಆಮೇಲೆ ಆ ವಾಲೆಟ್ಟನ್ನು ಅಳಿಸಿಬಿಡಿ. ಬರೀ ಕಾಗದ ನೋಡಿ ಮತ್ತೆ ತೆರೆಯಿರಿ. ನಾವು ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ಇದನ್ನು ಮಾಡಿದೆವು. ನನ್ನದು ಮೊದಲ ಸಲ ತೆರೆಯಲಿಲ್ಲ. ಏಳನೇ ಪದವೂ ಎಂಟನೇ ಪದವೂ ಅದಲುಬದಲಾಗಿದ್ದವು. ಅದರಲ್ಲಿ ದುಡ್ಡಿದ್ದಿದ್ದರೆ ಎಂದು ನೆನೆದು ಕೈ ತಣ್ಣಗಾಯಿತು.

ಬೀಳುವ ಮೊದಲೇ ಬರೆದ ಪತ್ರ

ಬೆಲೆ ಹೇಗೆ ಬೀಳುತ್ತದೆ ಎಂಬುದನ್ನು ಒಂದು ಕೂಟ ಪೂರ್ತಿ ನೋಡಿ. ಬಿಟ್‌ಕಾಯಿನ್ 2017ರ ಡಿಸೆಂಬರಿನಲ್ಲಿ ಸುಮಾರು 20,000 ಡಾಲರ್ ಹತ್ತಿರ ಹೋಗಿ, ಒಂದು ವರ್ಷದಲ್ಲಿ 3,200 ಡಾಲರ್ ಆಸುಪಾಸಿಗೆ ಇಳಿಯಿತು. 2021ರ ನವೆಂಬರಿನಲ್ಲಿ ಸುಮಾರು 69,000, ಮುಂದಿನ ನವೆಂಬರಿನಲ್ಲಿ 16,000ಕ್ಕೂ ಕೆಳಗೆ. ಅಕ್ಕ 2017ರದ್ದನ್ನು ಸರಳ ಮಾಡಿದರು: "ನೂರು ಹೋಗಿ ಹದಿನಾರು ಆಯ್ತು ಅನ್ಕೋ. ಆ ಹದಿನಾರು ಮತ್ತೆ ನೂರಾಗೋಕೆ ಆರು ಪಟ್ಟಿಗಿಂತ ಜಾಸ್ತಿ ಬೆಳೀಬೇಕು." ಇದು ಬಿಟ್‌ಕಾಯಿನ್ ಕಥೆ. ಮತ್ತೆ ಏಳದೇ ಹೋದ ಕಾಯಿನ್‌ಗಳು ಎಷ್ಟೋ ಇವೆ. 2022ರ ಮೇ ತಿಂಗಳಲ್ಲಿ ಟೆರಾ ಎಂಬ ಜಾಲದ ಯುಎಸ್‌ಟಿ ಮತ್ತು ಲೂನಾ ಎಂಬ ಕಾಯಿನ್‌ಗಳು ಕೆಲವೇ ದಿನಗಳಲ್ಲಿ ನೆಲ ಕಚ್ಚಿದವು. ಯುಎಸ್‌ಟಿ ಇಟ್ಟವರಿಗೆ ಅಲ್ಲಿ ವರ್ಷಕ್ಕೆ ಶೇ. 20ರ ಹತ್ತಿರ ಬಡ್ಡಿ ಸಿಗುತ್ತಿತ್ತು. ಅದನ್ನು ಓದುವಾಗ ಅಕ್ಕ ನನ್ನ ಮುಖ ನೋಡಿದರು. ಬಡ್ಡಿ ಯಾರ ಜೇಬಿನಿಂದ ಎಂಬ ಪ್ರಶ್ನೆಯನ್ನು ಈ ಸಲ ನಾನೇ ಕೇಳಿದೆ.

2014ರ ಮೌಂಟ್ ಗಾಕ್ಸ್, 2022ರ ನವೆಂಬರಿನ ಎಫ್‌ಟಿಎಕ್ಸ್, ಇವೆರಡು ಎಕ್ಸ್‌ಚೇಂಜ್‌ಗಳು, ಅಂದರೆ ಕ್ರಿಪ್ಟೊ ಕೊಳ್ಳುವ ಮಾರುವ ಜಾಗಗಳು, ಮುಳುಗಿದ ಕಥೆಯನ್ನೂ ಓದಿ. ಓದುವಾಗ ಒಬ್ಬರಿಗೊಬ್ಬರು ಕೇಳಿಕೊಳ್ಳಿ: ಯಾವ ದಿನ, ಯಾವ ಸುದ್ದಿ ನೋಡಿ ನಾನು ಹೊರಗೆ ಬರುತ್ತಿದ್ದೆ? ಮುಚ್ಚುಮರೆಯಿಲ್ಲದ ಉತ್ತರ ಬರಲು ಹೊತ್ತು ಹಿಡಿಯುತ್ತದೆ.

ಇದಾದ ಮೇಲೆ ನಾವು ಒಂದೊಂದು ಪತ್ರ ಬರೆದೆವು. ನಾನು ಹಾಕಿದ್ದು ಅರ್ಧವಾದರೆ ಏನು ಮಾಡುತ್ತೇನೆ, ಎರಡು ಪಟ್ಟಾದರೆ ಏನು ಮಾಡುತ್ತೇನೆ, ಯಾವ ಕಾರಣಕ್ಕೂ ಏನು ಮಾಡುವುದಿಲ್ಲ. ಲಕೋಟೆಗೆ ಹಾಕಿ ಅಂಟಿಸಿ ಅದಲುಬದಲು ಮಾಡಿಕೊಂಡೆವು. ನನ್ನ ಪತ್ರ ಅವರ ಹತ್ತಿರ, ಅವರದು ನನ್ನ ಹತ್ತಿರ. ಗಾಬರಿಯಾದ ದಿನ, ಇಲ್ಲವೇ ಆಸೆ ಉಕ್ಕಿದ ದಿನ, ಇನ್ನೊಬ್ಬರು ಅದನ್ನು ತೆರೆದು ಗಟ್ಟಿಯಾಗಿ ಓದಬೇಕು.

ಮನಸ್ತಾಪ ಬಂದಾಗ

ಬರುತ್ತದೆ. 2024ರ ಮಾರ್ಚಿನಲ್ಲಿ ಬಿಟ್‌ಕಾಯಿನ್ 73,000 ಡಾಲರ್ ದಾಟಿದಾಗ ನನಗೆ ತಡೆದುಕೊಳ್ಳಲು ಆಗಲಿಲ್ಲ. ನಿಯಮದ ಪ್ರಕಾರ ಅಕ್ಕನಿಗೆ ಹೇಳಿದೆ. ಮೂರನೇ ದಿನ ಅವರು ಕೇಳಿದರು: "ಈ ಮೂರು ದಿನದಲ್ಲಿ ಹೊಸದಾಗಿ ಏನು ತಿಳ್ಕೊಂಡೆ?" ಬೆಲೆ ಏರಿದ್ದು ಬಿಟ್ಟರೆ ಹೇಳಲು ಏನೂ ಇರಲಿಲ್ಲ. ಸಿಟ್ಟು ಬಂತು. ಮೂರು ವಾರ ನಾವು ಕೂರಲಿಲ್ಲ. ಆಮೇಲೆ ಅವರೇ ಬಂದು ನನ್ನ ಲಕೋಟೆಯನ್ನು ಮೇಜಿನ ಮೇಲಿಟ್ಟರು. "ಬೆಲೆ ಸುದ್ದಿಯಾದ ವಾರ ಕೊಳ್ಳುವುದಿಲ್ಲ" ಎಂದು ನನ್ನದೇ ಅಕ್ಷರದಲ್ಲಿತ್ತು.

ಸಿಟ್ಟು, ಮುನಿಸು ಸರಿಹೋಗುತ್ತದೆ. ಬಿಟ್ಟು ಬರಬೇಕಾದ ಸಂದರ್ಭಗಳು ಬೇರೆ. ಜೊತೆಗಾರರು ಒಂದೇ ಕಾಯಿನ್ ಬಗ್ಗೆ ಒತ್ತಾಯ ಮಾಡತೊಡಗಿದರೆ, ಸಾಲ ಕೇಳಿದರೆ, ಪ್ರಶ್ನೆಗೆ ಉತ್ತರದ ಬದಲು "ನಿನಗೆ ಧೈರ್ಯ ಇಲ್ಲ" ಎಂದರೆ, ಕೂಟ ನಿಲ್ಲಿಸಿ. ಕಾರಣ ಹೇಳಿ ನಿಲ್ಲಿಸಿ. ಸ್ನೇಹ ಬೇಕಾದರೆ ಉಳಿಯಲಿ.

ಅಕ್ಕನಿಗೂ ಒಮ್ಮೆ ಒಂದು ಇಮೇಲ್ ಬಂತು. ವಾಲೆಟ್ ಅಪ್‌ಗ್ರೇಡ್ ಆಗಬೇಕು, ಪದಗಳನ್ನು ಇಲ್ಲಿ ಬರೆಯಿರಿ ಎಂದಿತ್ತು. ರಾತ್ರಿ ಹತ್ತಕ್ಕೆ ಫೋನ್ ಮಾಡಿದರು. ದನಿಯಲ್ಲಿ ಗಾಬರಿ. "ಕಳಿಸಿದವರ ವಿಳಾಸ ಓದಿ, ಒಂದೊಂದೇ ಅಕ್ಷರ" ಎಂದೆ. ಅವರು ಓದುತ್ತಾ ಹೋದರು. ನಡುವೆ ನಿಂತರು. "ಇಲ್ಲಿ ಎಲ್ ಎರಡು ಸಲ ಇದೆ ಕಣೇ" ಎಂದರು.